ಕಣದೊಳಗಿನ ಮೈ, ಕಣದ ಹೊರಗಿನ ಹಲಗಿ

"ಕೆಂಪು ಮಣ್ಣಿಗೆ ಜಾತಿ ಇಲ್ಲ." ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಸೀಮೆಯ ಯಾವ ಜಾತ್ರೆಯ ಕುಸ್ತಿ ಮೈದಾನಕ್ಕೆ ಹೋದರೂ ಮೈಕು ಹಿಡಿದವರೊಬ್ಬರು ಈ ಮಾತು ಹೇಳಿಯೇ ತೀರುತ್ತಾರೆ. ಹೇಳಿದ ಕೂಡಲೇ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆಯ ಬೆನ್ನಿಗೇ ಹಲಗಿ ಒಂದು ಸುತ್ತು ಜೋರಾಗಿ ಬಡಿಯುತ್ತದೆ. ಆ ಹಲಗಿ ಬಡಿಯುವವರು ಯಾರು, ಯಾವ ಕೇರಿಯವರು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೇ ಇಲ್ಲ, ಎಲ್ಲರಿಗೂ ಗೊತ್ತು.

ನಾನು ಅಂಥ ಹಲಗಿಯವನ ಮಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿನವ. ನಮ್ಮಪ್ಪ ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಆದರೆ ಸುತ್ತಿನ ಹಳ್ಳಿಗಳ ಕುಸ್ತಿ ಕಣಗಳನ್ನೆಲ್ಲ ಸುತ್ತಿದವನು. ಯಾವ ಪೈಲವಾನ ಯಾವ ಡಾವಿಗೆ ಬೀಳುತ್ತಾನೆ ಎಂಬುದನ್ನು ಅವನು ಬೀಳುವ ಮೊದಲೇ ಹಲಗಿಯ ಮೇಲೆ ಹೇಳಬಲ್ಲವನು. ಇಂಥ ಮನುಷ್ಯ ತನ್ನ ಜನ್ಮದಲ್ಲಿ ಒಂದು ಸಲವೂ ಲಂಗೋಟ ಕಟ್ಟಿ ಕಣಕ್ಕೆ ಇಳಿದಿಲ್ಲ. ಆದ್ದರಿಂದ ಮಣ್ಣಿಗೆ ಜಾತಿ ಇಲ್ಲ ಎಂಬ ಮಾತನ್ನು ನಾನು ಸುಮ್ಮನೆ ಕೇಳಿ ಎದ್ದು ಬರಲಾರೆ. ಮಣ್ಣಿಗೆ ಜಾತಿ ಇಲ್ಲದಿರಬಹುದು. ಮಣ್ಣಿಗೆ ಹೋಗುವ ದಾರಿಗೆ ಐತಿ.

ಗೆಳೆಯರು ನಮ್ಮ ಭಾಗದ ದೊಡ್ಡ ಪೈಲವಾನ ಶ್ರೀಪತಿ ಖಂಚನಾಳೆಯವರ ಬಗ್ಗೆ ಬರೆಯಿರಿ ಅಂದರು. ಬರೆಯಲು ಕುಂತಾಗ ನನಗೆ ತಿಳಿದದ್ದು ಇಷ್ಟು: ಅವರ ಬಗ್ಗೆ ನನಗೆ ತಕರಾರಿಲ್ಲ, ಅವರ ಕಥೆಯನ್ನು ನಾವು ಹೇಳಿಕೊಳ್ಳುವ ರೀತಿಯ ಬಗ್ಗೆ ಐತಿ.

ಖಂಚನಾಳೆ ಹುಟ್ಟಿದ್ದು 1934ರ ಡಿಸೆಂಬರಿನಲ್ಲಿ, ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ. ದೂಧಗಂಗಾ ನದಿಯ ಸೀಮೆ. ಕನ್ನಡವೋ ಮರಾಠಿಯೋ ಎಂದು ಬೇರ್ಪಡಿಸಿ ಮಾತಾಡುವುದು ನಮ್ಮ ಸೀಮೆಯವರಿಗೆ ಬರುವುದಿಲ್ಲ, ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಅಲ್ಲಿಂದ ಅವರು ಕುಸ್ತಿ ಕಲಿಯಲು ಕೊಲ್ಹಾಪುರಕ್ಕೆ ಹೋದರು. ಶಾಹುಪುರಿ ತಾಲೀಮಿನಲ್ಲಿ ಸಾಮು ಮಾಡಿದರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಕೆಡವಿ ಹಿಂದ್ ಕೇಸರಿ ಆದರು. ಮೊಟ್ಟಮೊದಲ ಹಿಂದ್ ಕೇಸರಿ ಎಂದು ಕೊಲ್ಹಾಪುರ ಅವರನ್ನು ಕೊನೆಯ ತನಕ ಕರೆಯಿತು. ಮುಂದೆ ಕೊಲ್ಹಾಪುರದಲ್ಲೇ ನೆಲೆಸಿ, ಹುಡುಗರನ್ನು ತಯಾರು ಮಾಡಿ, 2020ರ ಡಿಸೆಂಬರ್ 14ರಂದು ಅಲ್ಲಿಯೇ ತೀರಿಕೊಂಡರು. 86 ವರ್ಷದ ತುಂಬು ಬಾಳು.

ಈಗ ಕೇಳ್ರಿ. ಅವರು ಹುಟ್ಟಿದಾಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಅವರು ದಿಲ್ಲಿಯಲ್ಲಿ ಗೆದ್ದ 1959ರಲ್ಲಿ ಮಹಾರಾಷ್ಟ್ರ ಎಂಬ ರಾಜ್ಯವೇ ಇರಲಿಲ್ಲ, ಅದು ಆದದ್ದು 1960ರ ಮೇ 1ಕ್ಕೆ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಆದರೂ ಇವತ್ತು ಒಬ್ಬರು ಅವರನ್ನು ಮಹಾರಾಷ್ಟ್ರದ ಮಲ್ಲ ಅನ್ನುತ್ತಾರೆ, ಇನ್ನೊಬ್ಬರು ಕರ್ನಾಟಕದ ಮಣ್ಣಿನ ಮಗ ಅನ್ನುತ್ತಾರೆ. 1967ರ ಮಹಾಜನ ವರದಿಯನ್ನು ಹಿಡಿದುಕೊಂಡು ನಿಪ್ಪಾಣಿ ಯಾರಿಗೆ, ಬೆಳಗಾವಿ ಯಾರಿಗೆ ಎಂದು ಬಸ್ಸಿಗೆ ಕಲ್ಲು ಹೊಡೆಯುವವರಿದ್ದಾರೆ. ಪೈಲವಾನನ ಮೈಯನ್ನೂ ಹಾಗೆಯೇ ಒಂದು ಸರ್ವೇ ನಂಬರಿನಂತೆ ಎಳೆದಾಡುತ್ತಾರೆ. ಎಳೆದಾಡುವವರಲ್ಲಿ ಒಬ್ಬನಾದರೂ ಯಕ್ಸಂಬಾದಿಂದ ಒಬ್ಬ ಹುಡುಗ ಹೊಟ್ಟೆಯ ಖುರಾಕಿಗಾಗಿ, ವಸ್ತಾದನಿಗಾಗಿ ಊರು ಬಿಟ್ಟು ಹೋಗಬೇಕಾದದ್ದು ಏಕೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನಾನು ಓದಿದ ಕನ್ನಡ ಸಾಲಿಯ ಪುಸ್ತಕಗಳಲ್ಲಿ ಅವರ ಹೆಸರು ನನಗೆ ಸಿಗಲಿಲ್ಲ. ಸಿಕ್ಕಿದ್ದರೆ ಅದು ಯಾವ ರೀತಿ ಇರುತ್ತಿತ್ತು ಎಂಬುದು ಮಾತ್ರ ಗೊತ್ತು: ಗಡಿನಾಡಿನ ಹೆಮ್ಮೆ, ಕೆಂಪು ಮಣ್ಣು, ಜಾತಿ ಇಲ್ಲ, ಮುಗಿಯಿತು.

ಕೊಲ್ಹಾಪುರಕ್ಕೇ ಯಾಕೆ ಹೋಗಬೇಕಿತ್ತು? ಅಲ್ಲಿ ಶಾಹು ಮಹಾರಾಜರು ಕುಸ್ತಿಗೆ ಅರಮನೆಯ ಬೆಂಬಲ ಕೊಟ್ಟಿದ್ದರು. 1902ರಲ್ಲಿ ವಿಲಾಯಿತಿಗೆ ಹೋದಾಗ ರೋಮಿನ ಬಯಲುರಂಗ ನೋಡಿ ಬಂದ ಅವರು ಅದರ ನಮೂನೆಯಲ್ಲೇ ಖಾಸಬಾಗ ಮೈದಾನ ಕಟ್ಟಿಸಿದರು, ಅದು 1912ರಲ್ಲಿ ಮುಗಿಯಿತು. ನಡುವೆ ತಗ್ಗಿನಲ್ಲಿ ಕೆಂಪು ಮಣ್ಣಿನ ಕಣ, ಸುತ್ತಲೂ ಏರುತ್ತ ಹೋಗುವ ಜನ. ಎಲ್ಲಿ ಕುಂತರೂ ಕುಸ್ತಿ ಕಾಣುತ್ತದೆ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆ ಹಾಕಿ ಹದ ಮಾಡುತ್ತಾರೆ. ಪೈಲವಾನರಿಗೆ ಹಾಲು, ತುಪ್ಪ, ಬದಾಮಿ. ಆಳುವವನು ಸಾಕಿದರೆ ಮೈ ಬೆಳೆಯುತ್ತದೆ. ನಮ್ಮ ಸೀಮೆಯ ಹುಡುಗರೆಲ್ಲ ಅತ್ತ ನಡೆದರು. ರಾಯಬಾಗವಂತೂ ಆಗ ಕೊಲ್ಹಾಪುರ ಸಂಸ್ಥಾನದ್ದೇ.

ಶಾಹು ಮಹಾರಾಜರ ಹೆಸರು ಬಂದಾಗ ನಮ್ಮಂಥವರು ಜೋಪಾನವಾಗಿ ಮಾತಾಡಬೇಕು, ಋಣ ದೊಡ್ಡದು. ಖಾಸಬಾಗ ಕಟ್ಟಿಸಿದ ಅದೇ ಕೈ 1902ರ ಜುಲೈ 26ರಂದು ಸರಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಶೇಕಡಾ 50 ಜಾಗ ಎಂದು ಆಜ್ಞೆ ಹೊರಡಿಸಿತು. 1920ರ ಮಾರ್ಚಿನಲ್ಲಿ ಮಾಣಗಾವದ ಪರಿಷತ್ತಿಗೆ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬರ್ಥದಲ್ಲಿ ಅಂಬೇಡ್ಕರರನ್ನು ಜನರಿಗೆ ತೋರಿಸಿಕೊಟ್ಟವರು ಇವರೇ. ಗಂಗಾರಾಮ ಕಾಂಬಳೆಗೆ ಚಹಾದ ಅಂಗಡಿ ಹಾಕಿಸಿ, ತಾವೇ ಹೋಗಿ ಆ ಅಂಗಡಿಯ ಚಹಾ ಕುಡಿದವರೂ ಇವರೇ. ಐದು ವರ್ಷಕ್ಕೆ, 1925ರಲ್ಲಿ, ಅಂಬೇಡ್ಕರರು ನಮ್ಮ ನಿಪ್ಪಾಣಿಗೇ ಬಂದರು. ನನ್ನ ಪದವಿಯ ಬೇರು ಆ 1902ರ ಆಜ್ಞೆಯಲ್ಲಿದೆ, ಖಾಸಬಾಗದ ಮಣ್ಣಿನಲ್ಲಿಲ್ಲ. ಒಬ್ಬನೇ ರಾಜ ಎರಡು ಬಾಗಿಲು ತೆರೆದ. ವಸತಿಗೃಹದ ಬಾಗಿಲಲ್ಲಿ ನಮ್ಮವರು ಒಳಗೆ ಹೋದರು. ತಾಲೀಮಿನ ಬಾಗಿಲಲ್ಲಿ ಬಹಳ ಮಂದಿ ಹಲಗಿ ಹಿಡಿದುಕೊಂಡು ಹೊರಗೇ ನಿಂತರು. ಯಾಕೆ?

ಯಾಕೆಂದರೆ ಕುಸ್ತಿ ಎಂಬುದು ಮೈಗೆ ಮೈ ತಾಗುವ ಆಟ. ಬೇರೆ ಆಟಗಳಲ್ಲಿ ಅಸ್ಪೃಶ್ಯತೆಗೆ ನಡುವೆ ಜಾಗ ಸಿಗುತ್ತದೆ. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲವಣಕರ ಬಾಳೂ ಚಮ್ಮಾರರ ಹುಡುಗ. ಕ್ರಿಕೆಟ್ಟಿನಲ್ಲಿ ಚೆಂಡು ಎಸೆಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ಟು ತೆಗೆದ. ಪುಣೆಯಲ್ಲಿ ಅವನ ಜೊತೆಗಾರರು ಅವನು ಎಸೆದ ಚೆಂಡನ್ನು ಮುಟ್ಟುತ್ತಿದ್ದರು, ಚಹಾ ಮಾತ್ರ ಅವನಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ನಾಯಕತ್ವ ಅವನಿಗೆ ಕೊಡಲಿಲ್ಲ, ಆ ಗೌರವ 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ ಬಂತು. (ಅದೇ ಬಾಳೂ 1937ರ ಚುನಾವಣೆಯಲ್ಲಿ ಅಂಬೇಡ್ಕರರ ಎದುರು ನಿಂತು ಸೋತ ಎಂಬುದು ಬೇರೆ ಕಥೆ. ನಮ್ಮ ವೀರರು ನಮಗೆ ಬೇಕಾದ ಕಡೆಗೇ ನಿಲ್ಲುತ್ತಾರೆ ಎಂದೇನಿಲ್ಲ.) ಕ್ರಿಕೆಟ್ಟಿನಲ್ಲಿ ಆಟದ ಒಳಗೆ ಬಿಟ್ಟುಕೊಂಡು, ಚಹಾದ ಹೊತ್ತಿಗೆ ಹೊರಗಿಡಬಹುದು. ಕುಸ್ತಿಯಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಬೆವರಿಗೆ ಬೆವರು ಹತ್ತಬೇಕು, ಕುತ್ತಿಗೆಯ ಮೇಲೆ ಕೈ ಬೀಳಬೇಕು, ಎದೆಯ ಮೇಲೆ ಎದೆ ಕೂರಬೇಕು. ಗೆದ್ದವನು ಸೋತವನ ಬೆನ್ನನ್ನು ಮಣ್ಣಿಗೆ ಹಚ್ಚಬೇಕು. ಹಲಗಿಯವನ ಮಗ ಗೌಡರ ಮಗನ ಎದೆಯ ಮೇಲೆ ಕುಂತರೆ ಏನಾಗುತ್ತದೆ? ಅದಕ್ಕೇ ಕಣದೊಳಗೆ ಜಾತಿ ಪಾಲಿಸಲು ಆಗದವರು ಅದನ್ನು ತಾಲೀಮಿನ ಹೊಸ್ತಿಲಲ್ಲೇ ಪಾಲಿಸಿ ಮುಗಿಸಿದರು. ಒಳಗೆ ಹೋದವರ ನಡುವೆ ಜಾತಿ ಕಾಣಲಿಲ್ಲ. ಅದನ್ನೇ ಮೈಕಿನಲ್ಲಿ ಹೇಳಿದರು.

ಇದರರ್ಥ ನಮ್ಮ ಹುಡುಗರು ಎಲ್ಲಿಯೂ ಕುಸ್ತಿ ಆಡಿಲ್ಲವೆಂದಲ್ಲ. ಆಡಿದ್ದಾರೆ, ಗೆದ್ದಿದ್ದಾರೆ. ಕೇರಿಯಲ್ಲೇ ಮಣ್ಣು ಅಗೆದು ತಾಲೀಮು ಮಾಡಿಕೊಂಡವರಿದ್ದಾರೆ. ಮುಸಲ್ಮಾನ ವಸ್ತಾದರ ಕೈಯಲ್ಲಿ ತಯಾರಾದ ಎಲ್ಲ ಜಾತಿಯ ಪೈಲವಾನರೂ ಇದ್ದಾರೆ, ಅಷ್ಟರಮಟ್ಟಿಗೆ ಕುಸ್ತಿ ಗುಡಿಗಿಂತ ದೊಡ್ಡದು. ನಾನು ಹೇಳುವುದು ಊರ ನಡುವಿನ ತಾಲೀಮಿನ ಮಾತು, ಊರ ಜಾತ್ರೆಯ ಮಾತು.

ನನ್ನದೇ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ನನಗಾಗ ಹತ್ತು ವರ್ಷ. ಜಾತ್ರೆಯ ಕುಸ್ತಿ ಶುರುವಾಗುವುದು ಸಣ್ಣ ಹುಡುಗರಿಂದ. ತೆಂಗಿನಕಾಯಿ, ಬತ್ತಾಸೆ, ಹತ್ತು ರೂಪಾಯಿ ನೋಟು, ಇಂಥ ಬಹುಮಾನಗಳು. ಪಂಚರು ಹುಡುಗರ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸಿ ಜೋಡಿ ಹಚ್ಚುತ್ತಾರೆ. ಒಬ್ಬ ಹುಡುಗನಿಗೆ ಜೋಡಿ ಸಿಗಲಿಲ್ಲ. ಅವನು ನನ್ನದೇ ಇಯತ್ತೆಯವ, ಸಾಲಿಯ ಹಿಂದಿನ ಉಸುಕಿನಲ್ಲಿ ನಾನು ಅವನನ್ನು ಎರಡು ಸಲ ಕೆಡವಿದ್ದೆ. ನಾನು ಅಂಗಿ ಕಳಚಿ ಒಳಗೆ ಹಾರಿದೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಪಟಗಾ ಸುತ್ತಿದ ಹಿರಿಯರೊಬ್ಬರು ನಕ್ಕರು. "ಏ ತಮ್ಮಾ, ನೀನೂ ಕುಸ್ತಿ ಹಿಡದರ ನಾಳೆ ಹಲಗಿ ಯಾಂವ ಬಡೀಬೇಕಲೇ?" ಅಂದರು. ಸುತ್ತಲಿನವರೂ ನಕ್ಕರು. ನಾನೂ ನಕ್ಕೆ. ಅಂಗಿ ಹಾಕಿಕೊಂಡು ಹೊರಗೆ ಬಂದೆ. ಬೈದಿದ್ದರೆ ಚಲೋ ಇತ್ತು ಅನಿಸುತ್ತದೆ ಈಗ. ಬೈಗುಳವನ್ನು ನೆನಪಿಟ್ಟುಕೊಂಡು ಸಿಟ್ಟಾಗಬಹುದು. ನಾನೇ ನಕ್ಕ ನಗೆಯನ್ನು ಏನು ಮಾಡಲಿ?

ಅಷ್ಟು ಹೊತ್ತೂ ಅಪ್ಪ ಹಲಗಿ ನಿಲ್ಲಿಸಲಿಲ್ಲ. ದೊಡ್ಡವನಾದ ಮೇಲೆ ಒಮ್ಮೆ ಜಗಳ ತೆಗೆದೆ. "ಅವತ್ತ ನೀ ಯಾಕ ಹಲಗಿ ನಿಲ್ಲಸಲಿಲ್ಲಪಾ?" ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ನಿಲ್ಲಿಸಿದ್ರ ಕುಸ್ತಿ ನಿಲ್ತಿತ್ತು. ಆಮ್ಯಾಲ?"

ಈ ಮಾತಿನಲ್ಲಿ ಎರಡು ಸತ್ಯ ಅದಾವು. ಒಂದು, ಅವನ ಅಂಜಿಕೆ. ಅದು ನನಗೆ ಆಗಲೇ ತಿಳಿಯಿತು. ಇನ್ನೊಂದು ತಿಳಿಯಲು ವರ್ಷಗಳು ಹಿಡಿದವು: ಹಲಗಿ ನಿಂತರೆ ಕುಸ್ತಿ ನಿಲ್ಲುತ್ತದೆ. ಕುಸ್ತಿ ಮೈದಾನದ ಹಲಗಿಯನ್ನು ಕೇಳಿದವರಿಗೆ ಇದು ಗೊತ್ತು. ಪೈಲವಾನರು ಕೈ ಮಿಲಾಯಿಸುವಾಗ ಒಂದು ನಡೆ. ಕುತ್ತಿಗೆಗೆ ಕೈ ಹಾಕಿ ಒಬ್ಬರನ್ನೊಬ್ಬರು ತೂಗಿ ನೋಡುವಾಗ ಇನ್ನೊಂದು. ಹಿಡಿತ ಬಿಗಿಯಾಗುತ್ತಿದ್ದಂತೆ ಕಡ್ಡಿಯ ಪೆಟ್ಟು ಒತ್ತೊತ್ತಾಗಿ ಬೀಳುತ್ತದೆ. ಜೊತೆಗೆ ಘುಮಕೆ, ಕೈತಾಳ. ಮಂದವಾಗಿ ನಿಂತ ಪೈಲವಾನನ ರಕ್ತ ಕುದಿಸುವುದು ಆ ಸದ್ದು. ಬೆನ್ನು ಮಣ್ಣಿಗೆ ಹತ್ತಿದ ಗಳಿಗೆಗೆ ಒಂದೇ ಪೆಟ್ಟು, ನಂತರ ಗದ್ದಲ. ತೊಗಲು ಸಡಿಲಾದರೆ ಹುಲ್ಲೋ ಕಾಗದವೋ ಸುಟ್ಟು ಆ ಬೆಂಕಿಗೆ ಹಲಗಿ ಹಿಡಿದು ಕಾಸುತ್ತಾರೆ. ಪೈಲವಾನನ ಮೈ ಕಾಯುವ ಮೊದಲು ನಮ್ಮ ಹಲಗಿ ಕಾಯಬೇಕು. ಆದರೆ ಕೊನೆಯ ಕುಸ್ತಿ ಮುಗಿದು, ಗದೆ ಕೊಟ್ಟು, ಪಟಗಾ ಸುತ್ತಿ, ದೇಣಿಗೆ ಕೊಟ್ಟವರ ಹೆಸರುಗಳನ್ನು ಒಂದೊಂದಾಗಿ ಮೈಕಿನಲ್ಲಿ ಓದಿದ ಮೇಲೆ, ಜನ ಕರಗಿದ ಮೇಲೆ, ಹಲಗಿಯವರ ಲೆಕ್ಕ. ಅದೂ ಚೌಕಾಶಿ. ಅಷ್ಟೆಲ್ಲ ಹೆಸರುಗಳಲ್ಲಿ ಅಪ್ಪನ ಹೆಸರನ್ನು ನಾನು ಒಮ್ಮೆಯೂ ಮೈಕಿನಲ್ಲಿ ಕೇಳಲಿಲ್ಲ.

ಡಾವುಗಳ ಹೆಸರನ್ನೇ ನೋಡ್ರಿ. ಕುಸ್ತಿಯ ಹೆಸರಾಂತ ಡಾವು ಧೋಬಿ ಪಛಾಡ. ಎದುರಾಳಿಯ ಕೈ ಹಿಡಿದು ಹೆಗಲ ಮೇಲಿಂದ ಎತ್ತಿ ಮುಂದಕ್ಕೆ ಒಗೆಯುವುದು, ಅಗಸ ಅರಿವೆಯನ್ನು ಕಲ್ಲಿಗೆ ಒಗೆದಂತೆ. ಯಾವನೋ ಅಗಸ ನದಿಯ ದಂಡೆಯಲ್ಲಿ ನಡು ಮುರಿಯುವ ತನಕ ಮಾಡಿದ ಕೆಲಸದಿಂದ ಆ ಡಾವು ಹುಟ್ಟಿದೆ. ಅವನ ಕೆಲಸ ಕಣದೊಳಗೆ ಬಂತು, ಚಪ್ಪಾಳೆ ತಗೊಂಡಿತು. ಅಗಸ ನದಿಯ ದಂಡೆಯಲ್ಲೇ ಉಳಿದ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ನಮ್ಮ ಕೇರಿಯ ಹುಡುಗರಿಗೆ ಬೇರೊಂದು ಕುಸ್ತಿಯ ಹುಚ್ಚು ಹಿಡಿಯಿತು. ಟೀವಿಯ ಡಬ್ಲ್ಯು ಡಬ್ಲ್ಯು ಇ. ಪೈಲವಾನರ ಚಿತ್ರದ ಕಾರ್ಡುಗಳನ್ನು ಅಂಗಡಿಯಿಂದ ತಂದು ಎತ್ತರ, ತೂಕ ಓದಿ ಆಡುತ್ತಿದ್ದೆವು. ಆ ಕಾರ್ಡುಗಳಲ್ಲಿ ಒಬ್ಬ ಉಮಾಗಾ. ಮುಖದ ತುಂಬ ಕಪ್ಪು ಗೆರೆಗಳು, ದೊಡ್ಡ ಮೈ, ಬರಿಗಾಲು. ಅವನು ಮಾತಾಡುವುದಿಲ್ಲ, ಗುರುಗುಟ್ಟುತ್ತಾನೆ. ಸೂಟು ತೊಟ್ಟು ಸಿಗಾರು ಹಿಡಿದ ಒಬ್ಬ ಮ್ಯಾನೇಜರ್ ಅವನ ಪರವಾಗಿ ಮಾತಾಡುತ್ತಾನೆ. ಚಹಾದ ಅಂಗಡಿಯ ಟೀವಿ ಮುಂದೆ ಅಪ್ಪ ಇದನ್ನು ನೋಡಿ ಕೇಳಿದ: "ಯಾಕ, ಅಂವಗ ಮಾತ ಬರೂದಿಲ್ಲೇನ?" "ಮಾತಾಡಾಕ ಅವಂದೊಬ್ಬ ಬ್ಯಾರೆ ಮನಷ್ಯಾ ಅದಾನಪಾ" ಅಂದೆ. "ಹಂಗಾರ ಅಂವಾ ನಮ್ಮಂವನ ಬಿಡು" ಅಂದ ಅಪ್ಪ.

ಅಪ್ಪನ ಆ ಮಾತು ಎಷ್ಟು ಖರೆ ಎಂಬುದು ಮುಂದೆ ಓದಿದಾಗ ತಿಳಿಯಿತು. ಉಮಾಗಾನ ನಿಜವಾದ ಹೆಸರು ಎಡ್ಡಿ ಫಾಟು. ಸಮೋವಾ ಜನರವನು. ಪೆಸಿಫಿಕ್ ಸಮುದ್ರದ ನಡುವಿನ ಆ ದ್ವೀಪಗಳನ್ನು 1899ರಲ್ಲಿ ಅಮೆರಿಕ ಮತ್ತು ಜರ್ಮನಿ ಕೂಡಿ ಹಂಚಿಕೊಂಡವು. ಪಡುವಣ ಭಾಗ 1962ರಲ್ಲಿ ಸ್ವತಂತ್ರವಾಯಿತು, ಮೂಡಣ ಭಾಗ ಇವತ್ತಿಗೂ ಅಮೆರಿಕದ ಕೈಯಲ್ಲೇ ಇದೆ. ಗಡಿಯವರಾದ ನಮಗೆ ಇಂಥ ಹಂಚಿಕೆ ಬಿಡಿಸಿ ಹೇಳಬೇಕಾಗಿಲ್ಲ. ಎಡ್ಡಿ ಹುಟ್ಟಿದ್ದು 1973ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಇಂಗ್ಲಿಷು ಅವನ ದಿನನಿತ್ಯದ ಮಾತು. ಆದರೆ ಕಂಪನಿಗೆ ಬೇಕಾದದ್ದು ಮಾತು ಬಾರದ ಕಾಡು ಮನುಷ್ಯ. ಇದು ಅವನಿಂದ ಶುರುವಾದದ್ದೂ ಅಲ್ಲ. ಅವನ ಸೋದರಮಾವಂದಿರಾದ ಅಫಾ ಮತ್ತು ಸಿಕಾ ಇಬ್ಬರೂ 'ಕಾಡು ಸಮೋವನ್ನರು' ಎಂಬ ಹೆಸರಿನಲ್ಲಿ ಅಮೆರಿಕದ ಕಣಗಳಲ್ಲಿ ಹಸಿ ಮೀನು ತಿಂದು ತೋರಿಸಿದವರು. ಆ ಅಫಾ ಹದಿನೇಳನೆಯ ವಯಸ್ಸಿಗೆ ಅಮೆರಿಕದ ಮರೀನ್ ಸೈನ್ಯ ಸೇರಿ ಚಾಕರಿ ಮಾಡಿ ಬಂದವನು! ದೇಶಕ್ಕಾಗಿ ಬಂದೂಕು ಹಿಡಿಯುವಾಗ ಅವನಿಗೆ ಇಂಗ್ಲಿಷು ಬರುತ್ತಿತ್ತು, ಟಿಕೀಟು ಮಾರುವಾಗ ಬರುತ್ತಿರಲಿಲ್ಲ.

ಸಮೋವಾದಲ್ಲಿ ಗಂಡಸರ ಹಚ್ಚೆ ಸೊಂಟದಿಂದ ಮೊಳಕಾಲಿನ ತನಕ. ದಿನಗಟ್ಟಲೆ ನೋವು ತಿಂದು ಹಾಕಿಸಿಕೊಳ್ಳುವಂಥದ್ದು, ಮರ್ಯಾದೆಯ ಗುರುತು. ಹಳೆಯ ಪೈಲವಾನ ಪೀಟರ್ ಮೈವಿಯಾನ ಮೈಮೇಲೆ ಅದಿತ್ತು. ಉಮಾಗಾನ ಮುಖದ ಮೇಲೆ ಇದ್ದದ್ದು ಕಂಪನಿಯ ಬಣ್ಣ, ಆಟ ಮುಗಿದ ಮೇಲೆ ತೊಳೆದುಕೊಳ್ಳುವಂಥದ್ದು. ಅಲ್ಲಿ ಇನ್ನೊಂದು ನಂಬಿಕೆಯನ್ನೂ ಮಾರುತ್ತಿದ್ದರು: ಸಮೋವಾದವರ ತಲೆ ಕಲ್ಲಿನಂಥದ್ದು, ಹೊಡೆದರೆ ನೋಯುವುದಿಲ್ಲ. ಇದನ್ನು ಓದಿದಾಗ ನನಗೆ ನಮ್ಮೂರ ಮಾತು ಕೇಳಿಸಿತು. "ಅವರ ಮೈ ಗಟ್ಟಿ ಇರತೈತಿ ಬಿಡ್ರಿ, ಬಿಸಲು ಹತ್ತೂದಿಲ್ಲ, ಮಳಿ ಹತ್ತೂದಿಲ್ಲ." ಯಾರ ಮೈಯನ್ನು ದುಡಿಸಬೇಕೋ ಆ ಮೈಗೆ ನೋವಿಲ್ಲ ಎಂದು ಮೊದಲು ಸಾರುತ್ತಾರೆ. ನಮ್ಮವ್ವ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ದುಡಿದವಳು. ತಂಬಾಕಿನ ಘಾಟಿಗೆ ಹೊಸಬರು ನಿಂತಲ್ಲೇ ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಾರೆ. "ಇವರಿಗೆ ರೂಢಿ ಐತಿ" ಎಂಬುದು ಅಲ್ಲಿಯ ಮಾತು. ಪೈಲವಾನನ ಖುರಾಕಿಗೆ ಊರು ಪಟ್ಟಿ ಎತ್ತುತ್ತದೆ. ವಖಾರಿಯ ಹೆಣ್ಣುಮಕ್ಕಳ ಎದೆಯೊಳಗಿನ ಧೂಳಿಗೆ ಒಂದು ತುಂಡು ಬೆಲ್ಲ.

ಉಮಾಗಾನ ದೊಡ್ಡ ಕುಸ್ತಿ ನಡೆದದ್ದು 2007ರ ಏಪ್ರಿಲ್ 1ರಂದು, ಡೆಟ್ರಾಯಿಟಿನಲ್ಲಿ. ಆ ಕುಸ್ತಿ ಇಬ್ಬರು ಕೋಟ್ಯಧೀಶರ ಪಂತ. ಒಬ್ಬ ಕಂಪನಿಯ ಮಾಲೀಕ ವಿನ್ಸ್ ಮೆಕ್‌ಮಹನ್. ಇನ್ನೊಬ್ಬ ಡೊನಾಲ್ಡ್ ಟ್ರಂಪ್, ಮುಂದೆ ಅಮೆರಿಕದ ಅಧ್ಯಕ್ಷನಾದವನೇ. ಯಾರ ಪೈಲವಾನ ಸೋಲುತ್ತಾನೋ ಅವನ ತಲೆ ಬೋಳಿಸಬೇಕು. ಮಾಲೀಕನ ಪರವಾಗಿ ಉಮಾಗಾ, ಟ್ರಂಪನ ಪರವಾಗಿ ಬಾಬಿ ಲ್ಯಾಶ್ಲಿ ಎಂಬ ಕಪ್ಪು ಪೈಲವಾನ. ಧಣಿಗಳು ಪಣಕ್ಕಿಟ್ಟದ್ದು ತಲೆಗೂದಲು, ಪೈಲವಾನರು ಪಣಕ್ಕಿಟ್ಟದ್ದು ಬೆನ್ನೆಲುಬು. ಉಮಾಗಾ ಸೋತ, ಮಾಲೀಕನ ತಲೆ ಬೋಳಾಯಿತು, ಜಗತ್ತು ನಕ್ಕಿತು. ಕೂದಲು ಮತ್ತೆ ಬೆಳೆಯುತ್ತದೆ. ನಮ್ಮಲ್ಲಿ ಹಂಚಿಕೆ ಮಾಡಿಕೊಂಡು ಆಡುವ ಕುಸ್ತಿಗೆ ನೂರಾ ಕುಸ್ತಿ ಅನ್ನುತ್ತಾರೆ, ಆಡಿದವರಿಗೆ ಮರ್ಯಾದೆ ಹೋಗುತ್ತದೆ. ಅಲ್ಲಿ ಇಡೀ ಧಂದೆಯೇ ನೂರಾ ಕುಸ್ತಿ. ಗೆಲುವು ಸೋಲು ಮೊದಲೇ ಬರೆದಿಟ್ಟದ್ದು. ಬೀಳುವ ಮೈ ಮಾತ್ರ ಖರೆ.

2009ರ ಜೂನಿನಲ್ಲಿ ಕಂಪನಿ ಅವನನ್ನು ಕೈಬಿಟ್ಟಿತು. ಮಾದಕದ ಪರೀಕ್ಷೆಯಲ್ಲಿ ಸಿಕ್ಕ, ಚಿಕಿತ್ಸೆಗೆ ಒಪ್ಪಲಿಲ್ಲ ಎಂಬ ಕಾರಣ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎದೆ ನಿಂತು ಸತ್ತ. ವಯಸ್ಸು 36. ಅವನಿಗಿಂತ ಮೊದಲು ಅವನ ಬಳಗದವನೇ ಆದ ರಾಡ್ನಿ ಅನೋವಾಯಿ ಎಂಬುವನನ್ನು ಅದೇ ಕಂಪನಿ ಜಪಾನಿನ ಸುಮೋ ಮಲ್ಲ ಎಂದು ಹೆಸರು ಬದಲಿಸಿ, ಜಪಾನಿನ ಬಾವುಟ ಹಿಡಿಸಿ, ಯೊಕೊಝುನಾ ಎಂದು ಕರೆದು ಕುಣಿಸಿತ್ತು. 1993ರಲ್ಲಿ ಚಾಂಪಿಯನ್. 2000ದಲ್ಲಿ ಸಾವು. ಅವನ ವಯಸ್ಸು 34.

ಇಲ್ಲಿಗೆ ನನ್ನ ವಾದಕ್ಕೆ ನಾನೇ ಒಂದು ಪೆಟ್ಟು ಹಾಕಿಕೊಳ್ಳಬೇಕು. ಖಂಚನಾಳೆ 86 ವರ್ಷ ಬದುಕಿದರು. ಕೊನೆಯ ತನಕ ಅವರದೇ ಹೆಸರು, ಅವರದೇ ಮುಖ. ಗೆದ್ದ ಕುಸ್ತಿ ಗೆದ್ದದ್ದೇ. ಅವರ ಬಾಯಿಯಿಂದ ಬೇರೆ ಯಾರೂ ಮಾತಾಡಲಿಲ್ಲ. ತಾಲೀಮಿನ ಕೆಂಪು ಮಣ್ಣಿಗೆ ನಾನು ಎಷ್ಟೇ ಬೈದರೂ ಆ ಮಣ್ಣು ತನ್ನ ಮನುಷ್ಯನನ್ನು ಮೂವತ್ತಾರಕ್ಕೆ ನುಂಗುವುದಿಲ್ಲ. ಬಂಡವಾಳದ ಕಣ ನಮ್ಮೆಲ್ಲರನ್ನೂ ಒಳಗೆ ಕರೆಯುತ್ತದೆ, ಅಲ್ಲಿ ಯಾವ ಪಂಚರೂ ಹಲಗಿಯವನ ಮಗನನ್ನು ತಡೆಯುವುದಿಲ್ಲ. ಕರೆದು, ಬಣ್ಣ ಬಳಿದು, ನಾಲಗೆ ಕಿತ್ತುಕೊಂಡು ಒಳಗೆ ಬಿಡುತ್ತದೆ. ಹಳೆಯ ಊರಿನ ಕಣ ನಮ್ಮನ್ನು ಹೊರಗಿಟ್ಟಿತು, ಒಳಗೆ ಬಿಟ್ಟವನನ್ನು ಮಾತ್ರ ಮನುಷ್ಯನಾಗಿ ಇಟ್ಟುಕೊಂಡಿತು. ಈ ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ನನಗೆ ಆಗುವುದಿಲ್ಲ.

ನಮ್ಮ ಸಂಘಟನೆಯ ಕೆಲ ಗೆಳೆಯರು ಇದಕ್ಕೆ ಸುಲಭದ ಉತ್ತರ ಕೊಡುತ್ತಾರೆ. ಕುಸ್ತಿ ಊಳಿಗಮಾನ್ಯರ ಆಟ, ಬಿಟ್ಟುಬಿಡಿ. ಹಲಗಿ ಗುಲಾಮಗಿರಿಯ ಗುರುತು, ಸುಟ್ಟುಬಿಡಿ. ಸಿಟ್ಟು ನನಗೂ ತಿಳಿಯುತ್ತದೆ. ಆದರೆ ಹಲಗಿ ಸುಟ್ಟ ಮೇಲೆ ಅಪ್ಪನ ಕೈಯೊಳಗಿನ ವಿದ್ಯೆಯನ್ನು ಏನಂತ ಕರೆಯಬೇಕು? ಊರಿನ ಬಿಟ್ಟಿ ಚಾಕರಿ ಬಿಡಬೇಕು, ಖರೆ. ವಿದ್ಯೆಯನ್ನು ಯಾಕೆ ಬಿಡಬೇಕು? ಕೂಲಿ ಗೊತ್ತು ಮಾಡಿ, ಮೊದಲೇ ರೊಕ್ಕ ಎಣಿಸಿ ಕೊಟ್ಟು, ಮೈಕಿನಲ್ಲಿ ಹೆಸರು ಹೇಳಿ ಕರೆದರೆ ಮಾತ್ರ ಬರುತ್ತೇವೆ ಎಂದು ಹಲಗಿಯವರೆಲ್ಲ ಕೂಡಿ ಒಂದು ಜಾತ್ರೆಯಲ್ಲಿ ಹೇಳಲಿ ನೋಡೋಣ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ರಸ್ತೆಯಲ್ಲಿ ಕುಂತರು, ಗುಂಡು ತಿಂದು ಸತ್ತರು. ವಖಾರಿಯ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ನಿಂತರು. ಅವರಿಗೆ ಆದದ್ದು ಹಲಗಿಯವರಿಗೆ ಯಾಕೆ ಆಗಬಾರದು?

ಇನ್ನೊಂದು ಮಾತು ಮಾಸ್ತರ ಮಂದಿಗೆ. ನೀವು ಮಕ್ಕಳಿಗೆ ಪೈಲವಾನರ ಕಥೆ ಹೇಳುವಾಗ ಖಾಶಾಬಾ ಜಾಧವರ ಕಥೆಯನ್ನೂ ಜೊತೆಗೆ ಹೇಳಿ. ಕರಾಡದ ಹತ್ತಿರದ ಗೋಳೇಶ್ವರದ ಹುಡುಗ, ಕೊಲ್ಹಾಪುರದಲ್ಲಿ ಓದಿದವನು. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ಸರಕಾರದ ರೊಕ್ಕ ಸಾಲದೆ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಕಂಚು ಗೆದ್ದು ಬಂದ, ಸ್ವತಂತ್ರ ಭಾರತದ ಮೊದಲ ಒಂಟಿ ಪದಕ. 1955ರಲ್ಲಿ ಪೊಲೀಸ್ ನೌಕರಿ ಸಿಕ್ಕಿತು. 1984ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ. ಅರ್ಜುನ ಪ್ರಶಸ್ತಿ ಬಂದದ್ದು ಸತ್ತು ಹದಿನಾರು ವರ್ಷವಾದ ಮೇಲೆ. ಖಂಚನಾಳೆ, ಜಾಧವ, ಇಬ್ಬರ ಕಥೆಯಲ್ಲೂ ಗೆದ್ದ ದಿನವನ್ನು ಮಾತ್ರ ಹೇಳಿ ಪುಸ್ತಕ ಮುಚ್ಚಬ್ಯಾಡ್ರಿ. ಹುಡುಗ ಏನು ಉಂಡ, ಯಾರು ಉಣ್ಣಿಸಿದರು, ಗೆದ್ದ ಮರುದಿನ ಎಲ್ಲಿ ಇದ್ದ, ಆ ಊರಿನ ತಾಲೀಮಿಗೆ ಯಾರ ಯಾರ ಮಕ್ಕಳು ಹೋಗುತ್ತಿದ್ದರು, ಯಾರು ಹೋಗುತ್ತಿರಲಿಲ್ಲ, ಇದೆಲ್ಲ ಕೇಳಿ. ತರಗತಿಯಲ್ಲಿ ಒಬ್ಬ ಹಲಗಿಯವನ ಮಗ ಕುಂತಿರುತ್ತಾನೆ, ಅವನನ್ನು ಎಬ್ಬಿಸಿ ಹಲಗಿಯ ನಡೆಗಳ ಹೆಸರು ಕೇಳಿ. ನಿಮಗೆ ಗೊತ್ತಿಲ್ಲದ್ದನ್ನು ಅವನು ಹೇಳುತ್ತಾನೆ.

ಖಂಚನಾಳೆ ತೀರಿಕೊಂಡ ಸುದ್ದಿಯನ್ನು ಅಪ್ಪನಿಗೆ ನಾನೇ ಮೊಬೈಲಿನಲ್ಲಿ ಓದಿ ಹೇಳಿದೆ. ಕರೋನಾದ ವರ್ಷ. ಜಾತ್ರೆಗಳು ನಿಂತಿದ್ದವು, ಕುಸ್ತಿ ನಿಂತಿತ್ತು, ಹಲಗಿ ಗೋಡೆಯ ಗೂಟಕ್ಕೆ ತೂಗಿತ್ತು. "ಎಷ್ಟ ವರ್ಸದಾವರು?" ಅಂದ ಅಪ್ಪ. "ಎಂಬತ್ತಾರು" ಅಂದೆ. "ಚಲೋ ಆತು. ತುಂಬಿದ ಜೀವ." ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ದಿಲ್ಲ್ಯಾಗ ಅವರು ಗೆದ್ದಾಗ ಅಲ್ಲೆ ಹಲಗಿ ಇತ್ತೇನು?" ನನಗೆ ಗೊತ್ತಿಲ್ಲ ಅಂದೆ. ಅಪ್ಪ ಎದ್ದು ಹೋಗಿ ಗೂಟದಿಂದ ಹಲಗಿ ಇಳಿಸಿ, ಧೂಳು ಒರಸಿ, ಬೆರಳಿನಿಂದ ಒಂದು ಸಲ ತಟ್ಟಿ ನೋಡಿದ. ತೊಗಲು ಸಡಿಲಾಗಿತ್ತು. ಒಲೆಯಲ್ಲಿ ಬೆಂಕಿ ಐತೇನ ನೋಡು ಅಂತ ಅವ್ವನಿಗೆ ಕೂಗಿ ಹೇಳಿದ.